ಅಪ್ಪನ ಅಳತೆ

ಅಪ್ಪನ ಚಪ್ಪಲಿಗಳನ್ನು ಒಂದರ ತುದಿಗೆ ಇನ್ನೊಂದರ ಹಿಮ್ಮಡಿ ಹಚ್ಚಿ ಇಡುತ್ತ ಕುಮಾರಸ್ವಾಮಿ ಹಿತ್ತಲ ಗೋಡೆಯತನಕ ಬಂದಿದ್ದ.

ಗೋಪನಕೊಪ್ಪದ ಇಕ್ಕಟ್ಟು ಮನೆಗಳಿಗೆ ಇರುವಷ್ಟೇ ಹಿತ್ತಲು. ಅದರೊಳಗೆ ಮನೆಮಂದಿಯ ಬಯಕೆಗಳೆಲ್ಲ ಹೊಂದಬೇಕಿತ್ತು. ಹೆಂಡತಿ ವಾಣಿಶ್ರೀಗೆ, ವಾರಕ್ಕೊಮ್ಮೆ ಬರುವ ನಳದ ನೀರು ತುಂಬಿಡಲು ಟಾಕಿ, ಅರಿವೆ ಒಣಹಾಕಲು ತಂತಿ, ಜೊತೆಗೆ ಕರಿಬೇವು. ಮಗಳು ಸಾನ್ವಿಗೆ ಜೋಕಾಲಿ. ಅದೂ ಮಲ್ಲಿಗೆ ಬಳ್ಳಿಯ ಕೆಳಗೇ ಆಗಬೇಕಂತೆ. ತನಗೇನು ಬೇಕೆಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನಿಗೆ ಹಂಚುವುದು ಗೊತ್ತಿತ್ತು.

ಉಳಿದದ್ದು ಅಪ್ಪ. ಅವ್ವ ತೀರಿಕೊಂಡಾಗಿನಿಂದ ಮಡಿವಾಳಪ್ಪ ಕೋಣೆ ಬಿಟ್ಟು ಬಂದಿರಲಿಲ್ಲ, ಮಾತಾಡಿಯೂ ಇರಲಿಲ್ಲ. ಅರಳೆ ಅಂಗಡಿಯಲ್ಲಿ ಹತ್ತು ದಲಾಲರನ್ನು ಬರೀ ಮಾತಿನಲ್ಲೇ ಕೂಡ್ರಿಸುತ್ತಿದ್ದ ಮನುಷ್ಯ. ಏನು ಬೇಕ್ರಿ ಅಪ್ಪಾ ಎಂದು ಕೇಳಿದರೆ ಗೋಡೆಯತ್ತ ಹೊರಳಿದ್ದ. ಕುಮಾರಸ್ವಾಮಿ ತಾನೇ ತೀರ್ಮಾನಿಸಿದ: ಮೂಲೆಯಲ್ಲಿ ಬಿಲ್ವಪತ್ರಿಯ ಸಸಿ, ಅದರ ಮುಂದೆ ಚೌಕನೆಯ ಒಂದು ಕಟ್ಟೆ. ಸಂಜೆ ಬಂದು ಕೂತಾನು, ಕೂತರೆ ಮಾತಾಡಿಯಾನು. ಅಳೆಯುವ ಟೇಪು ಸಿಗದೆ ಹುಡುಕುವಾಗ, ಬಾಗಿಲ ಬಳಿ ಧೂಳು ಹಿಡಿದ ಚಪ್ಪಲಿ ಕಂಡವು. ಅಪ್ಪನ ಜಾಗ ಅಪ್ಪನ ಅಳತೆಯಲ್ಲೇ ಇರಲಿ. ಆ ಯೋಚನೆ ಅವನಿಗೇ ಚಂದವೆನಿಸಿತ್ತು.

ಸುಣ್ಣದ ಪುಡಿಯಿಂದ ನಾಲ್ಕನೆಯ ಗೆರೆ ಎಳೆದು ಮುಗಿಸಿದ.

"ಕುಮಾರಾ."

ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದ, ಬರಿಗಾಲಲ್ಲಿ. ಎಷ್ಟೋ ತಿಂಗಳ ಮೇಲೆ ಕೇಳಿದ ದನಿಗೆ ಕುಮಾರಸ್ವಾಮಿ ಚಪ್ಪಲಿ ಹಿಡಿದುಕೊಂಡೇ ಎದ್ದು ನಿಂತ.

"ನನ್ನ ಪಾದದ ಅಳತಿ ಹಿಡದೀಯೇನು?"

"ಹೌದ್ರಿ ಅಪ್ಪಾ. ನಿಮ್ಮ ಚಪ್ಪಲಿಲೆ."

"ಛಲೋ ಆತು. ನಿಮ್ಮವ್ವನ ತಗ್ಗೂ ಅಕಿ ಪಾದದಲೆ ಅಳದಿದ್ವಿ."

ಕೈಯೊಳಗಿನ ಚಪ್ಪಲಿ ಒಮ್ಮೆಲೇ ಭಾರವಾಯಿತು. ತಮ್ಮವರಲ್ಲಿ ಹೆಣವನ್ನು ಕೂಡ್ರಿಸಿ ಮಣ್ಣು ಮಾಡುವ ಚೌಕ ತಗ್ಗನ್ನು ಸತ್ತವರ ಪಾದದಿಂದಲೇ ಅಳೆಯುವುದನ್ನು ಅವನು ಎದುರು ನಿಂತು ನೋಡಿದ್ದ. ಆ ತಗ್ಗಿಗೆ ಸುರಿಯುವ ಬಿಲ್ವಪತ್ರಿಯ ಬುಟ್ಟಿ ಹೊತ್ತವನೂ, ಮೊದಲ ಹಿಡಿ ಮಣ್ಣು ಹಾಕಿದವನೂ ಅವನೇ.

"ಹಂಗಲ್ರಿ ಅಪ್ಪಾ. ಇದು ನೀವು ಕುಂದ್ರಾಕ ಮಾಡಿದ್ದು."

"ಮತ್ತ, ಅದಕ್ಕ ಅಲ್ಲೇನು? ಕುಂದ್ರಾಕ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಅಡಿಗೆಮನೆಯಿಂದ ವಾಣಿಶ್ರೀ ಕೇಳಿದಳು, "ಎಲ್ಲಾರದೂ ಹೊಂದತೇನ್ರಿ?"

"ಹೂಂ," ಎಂದ ಮಗ.

ಮಡಿವಾಳಪ್ಪ ಗೆರೆ ಅಳಿಸದಂತೆ ಧೋತರ ಎತ್ತಿ ದಾಟಿದ. ಚೌಕದ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಲಿಂಗಪೂಜೆಗೆ ಹಿಡಿಯುವಂತೆ ಎಡ ಅಂಗೈ ಬಿಚ್ಚಿ ಹಿಡಿದ. ಮುಂದಿನದು ಮಗನ ಕೆಲಸ ಎಂಬಂತೆ ಕಣ್ಣು ಮುಚ್ಚಿದ.

ಕುಮಾರಸ್ವಾಮಿಯ ಮುಷ್ಟಿಯಲ್ಲಿ ಇನ್ನೂ ಒಂದು ಹಿಡಿ ಸುಣ್ಣ ಉಳಿದಿತ್ತು.