ಬೆರಳ ತುದಿಯಿಂದ ಅಂಗಾಲಿಗೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ಅತ್ತೆ ಹಟ ಹಿಡಿದಿದ್ದರು. ಕೂಸಿಗೆ ಆ ಮಾತು ಕೇಳಿಸಿತೋ ಏನೋ, ಕುಲಾವಿಯ ಗೊಡವೆಯೇ ಬೇಡವೆಂದು ಎರಡೂವರೆ ತಿಂಗಳು ಮೊದಲೇ ಬಂದುಬಿಟ್ಟಿತು. ಸೊಸೆ ಸಿಟಿ ಬಸ್ಸಿನ ಚಾಲಕಿ. ಹೊಟ್ಟೆ ಸ್ಟೀರಿಂಗಿಗೆ ತಾಗತೊಡಗಿದ ಮೇಲೆ ಅವಳನ್ನು ಡಿಪೋದ ಪಾಸ್ ಕೌಂಟರಿನಲ್ಲಿ ಕೂರಿಸಿದ್ದರು. ಆಸ್ಪತ್ರೆಗೆ ಒಯ್ದದ್ದೂ ಅಲ್ಲಿಂದಲೇ, ಅವಳೇ ಎಷ್ಟೋ ಸಲ ಓಡಿಸಿದ್ದ ಬಸ್ಸಿನಲ್ಲಿ.

ಮೊಳ ಹಾಕಿದರೆ ಮೊಳವೂ ತುಂಬದ ಹೆಣ್ಣುಮಗು. ಬಡಗಿಯಾದ ಮಾವ ಅವಳನ್ನು ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ಬಹಳ ಹೊತ್ತು ನೋಡಿ, ಇದೇನಿದು ಒಂದು ಚಿಟಿಕೆಯಷ್ಟಿದೆ ಅಂದರು. ಆ ಹೆಸರೇ ನಿಂತುಬಿಟ್ಟಿತು. ಆಸ್ಪತ್ರೆಯ ದಾಖಲೆಯಲ್ಲಿ ಬೇರೆ ಹೆಸರಿದೆ. ಮನೆಯಲ್ಲಿ, ಬೀದಿಯಲ್ಲಿ, ಡಿಪೋದಲ್ಲಿ ಎಲ್ಲರಿಗೂ ಅವಳು ಚಿಟಿಕೆ.

ಪೆಟ್ಟಿಗೆಯಿಂದ ಅಮ್ಮನ ಎದೆಗೆ, ಅಲ್ಲಿಂದ ಮನೆಗೆ ಬರುವ ಹೊತ್ತಿಗೆ ಚಿಟಿಕೆ ಮೈ ತುಂಬಿಕೊಂಡಿದ್ದಳು. ಗಂಡಾಂತರ ಕಳೆಯಿತೆಂದು ಎಲ್ಲರೂ ಉಸಿರು ಬಿಟ್ಟರು. ಆದರೆ ಎದುರುಮನೆಯಲ್ಲಿ, ಚಿಟಿಕೆ ಹುಟ್ಟಿದ ವಾರವೇ ತಿಂಗಳು ತುಂಬಿ ಹುಟ್ಟಿದ ಗಂಡುಮಗು ಒಂದಿತ್ತು. ಗುಂಡುಗುಂಡಾಗಿದ್ದ ಅವನನ್ನು ಎಲ್ಲರೂ ಗುಂಡ ಎನ್ನುತ್ತಿದ್ದರು. ಗುಂಡ ನಾಲ್ಕು ತಿಂಗಳಿಗೇ ಮಗುಚಿಕೊಂಡ. ಚಿಟಿಕೆ ಮಾತ್ರ ಮಲಗಿಸಿದ ಹಾಗೇ ಮಲಗಿರುತ್ತಿದ್ದಳು, ತೋಳುಗಳನ್ನು ಎರಡೂ ಬದಿಗೆ ಚೆಲ್ಲಿಕೊಂಡು, ಬೆನ್ನನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿಸಿಕೊಂಡು. ಅತ್ತೆ ಬೀದಿ ಕಡೆಯ ಕಿಟಕಿಯ ಪರದೆ ಎಳೆದರು. ಬಿಸಿಲು ಜಾಸ್ತಿ ಅಂತ ಕಾರಣ ಕೊಟ್ಟರು.

ಅತ್ತೆಗೆ ಸಮಾಧಾನ ತಂದದ್ದು ಒಂದೇ ಸಂಗತಿ. ಕಂಕುಳಲ್ಲಿ ಕೈ ಕೊಟ್ಟು ಎತ್ತಿ ನೆಲಕ್ಕೆ ತಾಗಿಸಿದರೆ ಚಿಟಿಕೆ ಕಾಲುಗಳನ್ನು ಕೋಲಿನ ಹಾಗೆ ಚಾಚಿ, ಬೆರಳ ತುದಿಯ ಮೇಲೆ ನೆಟ್ಟಗೆ ನಿಲ್ಲುತ್ತಿದ್ದಳು. ಗುಂಡ ಮಗುಚಿದರೆ ಮಗುಚಲಿ, ನಮ್ಮವಳು ಸೀದಾ ನಿಂತೇಬಿಟ್ಟಳಲ್ಲ ಎಂದು ಅತ್ತೆ ಬೀದಿಯ ಉದ್ದಕ್ಕೂ ಹೇಳಿಕೊಂಡು ಬಂದರು. ಮಾವ ಕೆಳಗಿನ ಅಂಗಡಿಯಲ್ಲಿ ಯಾರದೋ ಬಾಗಿಲಿನ ಕೆಲಸ ಬದಿಗಿಟ್ಟು ಮೊಮ್ಮಗಳಿಗೆ ವಾಕರ್ ಮಾಡಲು ಕೂತರು. ದುಂಡನೆಯ ಮರದ ಚೌಕಟ್ಟು, ನಡುವೆ ಬಟ್ಟೆಯ ಸೀಟು, ಕೆಳಗೆ ನಾಲ್ಕು ಚಕ್ರ. ಮಗುವಿನ ಕೈಗೆ ಸಿಬಿರು ತಾಗಬಾರದೆಂದು ಉಜ್ಜಿ ಉಜ್ಜಿ ರೇಷ್ಮೆ ಮಾಡಿದ್ದರು.

ಸೊಸೆ ಡ್ಯೂಟಿ ಮುಗಿಸಿ ಮೆಟ್ಟಿಲು ಹತ್ತಿ ಬಂದಾಗ ಚಿಟಿಕೆಯನ್ನು ಅದರಲ್ಲಿ ಇಳಿಬಿಟ್ಟಿದ್ದರು. ಕಾಲ್ಬೆರಳು ನೆಲಕ್ಕೆ ಒತ್ತಿದಾಗಲೆಲ್ಲ ಗಾಡಿ ಹಿಂದಕ್ಕೆ ಜಾರುತ್ತಿತ್ತು, ಅತ್ತೆ ಚಪ್ಪಾಳೆ ತಟ್ಟುತ್ತಿದ್ದರು. ಸೊಸೆ ನೋಡಿದ್ದು ಆ ಬೆರಳುಗಳನ್ನು. ಬಟ್ಟೆ ಬದಲಿಸುವಾಗ ಮಗುವಿನ ಕಾಲು ಬಿಡಿಸಲು ಕಷ್ಟವಾಗುತ್ತಿದ್ದುದು, ತೊಡೆಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಂದು ಕೂರುತ್ತಿದ್ದುದು ಅವಳಿಗೆ ಕೆಲವು ದಿನಗಳಿಂದ ಕೊರೆಯುತ್ತಿತ್ತು. ಅವಳು ಮಗುವನ್ನು ಮೆಲ್ಲಗೆ ಎತ್ತಿಕೊಂಡಳು.

"ಮಾವ, ಬೇಜಾರು ಮಾಡ್ಕೋಬೇಡಿ. ನಾಳೆ ಆಸ್ಪತ್ರೆಲಿ ಕೇಳೋವರೆಗೂ ಇದು ಬೇಡ."

"ನಾನು ಮಾಡಿದ್ದಕ್ಕೆ ಈಗ ಅವರ ಒಪ್ಪಿಗೆ ಬೇಕಾ?"

"ನೀವು ಮಾಡಿದ್ದಕ್ಕಲ್ಲ ಮಾವ. ಇವಳ ಕಾಲಿಗೆ."

ಮಾವ ಮುಖ ಗಂಟಿಕ್ಕಿಕೊಂಡು ಕೆಳಗಿಳಿದು ಹೋದರು. ಅಂಗಡಿಯಲ್ಲಿ ಜೊತೆಗೇ ದುಡಿಯುವ ಮಗ ಊಟಕ್ಕೆ ಕರೆದರೂ ಮೇಲೆ ಬರಲಿಲ್ಲ. ಆದರೆ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಕೇಳಬೇಕಾದ್ದು ಇತ್ತಂತೆ.

ಆಸ್ಪತ್ರೆಯ ಫಿಸಿಯೊಥೆರಪಿಸ್ಟ್ ಎತ್ತರದ ಹೆಂಗಸು. ನೀಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತು ಚಿಟಿಕೆಯ ಕೈಕಾಲು ಆಡಿಸುತ್ತ, ಬರುವವರನ್ನೆಲ್ಲ ಚಾಪೆಗೇ ಕೂರಿಸಿಕೊಳ್ಳುತ್ತಿದ್ದರು. ಮೊದಲು ಅವರು ವಯಸ್ಸಿನ ಲೆಕ್ಕ ಸರಿ ಮಾಡಿದರು. ಹುಟ್ಟಿದ ದಿನವನ್ನು ಸಂಭ್ರಮಕ್ಕೆ ಇಟ್ಟುಕೊಳ್ಳಿ, ಬೆಳವಣಿಗೆಯ ಲೆಕ್ಕಕ್ಕೆ ಹುಟ್ಟಬೇಕಾಗಿದ್ದ ದಿನ ಹಿಡಿಯಿರಿ ಎಂದರು. ಆ ಲೆಕ್ಕದಲ್ಲಿ ಚಿಟಿಕೆ ಗುಂಡನಿಗಿಂತ ಎರಡೂವರೆ ತಿಂಗಳು ಚಿಕ್ಕವಳು, ಇನ್ನೂ ಮಗುಚದಿದ್ದರೆ ತಪ್ಪೇನಿಲ್ಲ. ಅತ್ತೆಯ ಮುಖ ಅರಳಿತು.

ಆಮೇಲೆ ಕಾಲಿನ ವಿಷಯ. ಬಸಿರಿನ ಕೊನೆಯ ವಾರಗಳಲ್ಲಿ ಜಾಗ ಸಾಲದೆ ಮಗು ಮುದುಡಿಕೊಂಡಿರುತ್ತದೆ, ಆ ಮುದುಡುವಿಕೆಯಿಂದಲೇ ಮುಂದೆ ಕೈ ಬಾಯಿಗೆ ಬರುವುದು, ಕಾಲು ಹೊಟ್ಟೆಗೆ ಬರುವುದು ಸುಲಭವಾಗುತ್ತದೆ. ಇವಳಿಗೆ ಆ ವಾರಗಳು ಸಿಗಲಿಲ್ಲ, ಅಷ್ಟು ಕಾಲ ಹಾಸಿಗೆಯ ಮೇಲೆ ಚಪ್ಪಟೆಯಾಗಿ ಮಲಗಿದ್ದಳು ಎಂದು ವಿವರಿಸಿದರು. ಮಾವ ಎಲ್ಲ ಕೇಳಿ, ಆದರೂ ನಿಲ್ಲುತ್ತಾಳಲ್ಲ ಎಂದರು. ಆಕೆ ವಾದ ಮಾಡಲಿಲ್ಲ. ಅವರ ಕೈ ಹಿಡಿದು ಮಗುವಿನ ಮೀನಖಂಡದ ಮೇಲೆ ಇರಿಸಿ, ಮಗುವನ್ನು ನಿಲ್ಲಿಸಿದರು. ಬೆರಳ ಕೆಳಗಿನ ಸ್ನಾಯು ಕಲ್ಲಾಯಿತು.

"ತಾತ, ಇದು ನಿಲ್ಲೋ ಶಕ್ತಿ ಅಲ್ಲ, ಬಿಗಿ. ನಿಲ್ಲೋ ಕಾಲು ಬಗ್ಗುತ್ತೆ, ಹಿಮ್ಮಡಿ ಊರುತ್ತೆ. ವಾಕರಲ್ಲಿ ಹಾಕಿದ್ರೆ ಈ ಬಿಗಿನೇ ಗಟ್ಟಿಯಾಗುತ್ತೆ."

ಮಾವ ಕೈ ತೆಗೆಯಲಿಲ್ಲ. ಮಗುವನ್ನು ಮಲಗಿಸಿ ಮಂಡಿ ಮಡಿಸಿದಾಗ ಆ ಕಲ್ಲು ಕರಗಿ ಮೆತ್ತಗಾದದ್ದೂ ಅವರ ಬೆರಳಿಗೆ ತಿಳಿಯಿತು. ಅಷ್ಟೇ ಸಾಕಾಯಿತು ಅವರಿಗೆ.

ಸೊಸೆ ತಡವರಿಸದೆ ಕೇಳಿದಳು, "ಇದು ಹೋಗುತ್ತಾ, ಉಳಿಯುತ್ತಾ?"

ಈಗಲೇ ಹೇಳಲಾಗದು ಎಂದು ಆಕೆ ನೇರವಾಗಿಯೇ ಹೇಳಿದರು. ಅವಧಿಗೆ ಮೊದಲೇ ಹುಟ್ಟಿದ ಎಷ್ಟೋ ಮಕ್ಕಳಲ್ಲಿ ವರ್ಷದೊಳಗೆ ಬಿಗಿ ಸಡಿಲವಾಗುತ್ತದೆ. ಕೆಲವರಲ್ಲಿ ಉಳಿದು, ಮಿದುಳಿಗೆ ತಾಗಿದ ತೊಂದರೆ ಎಂದು ಗೊತ್ತಾಗುತ್ತದೆ. ಎರಡರಲ್ಲಿ ಯಾವುದೇ ಆದರೂ ಇವತ್ತು ಮಾಡಬೇಕಾದ ಕೆಲಸ ಒಂದೇ. ಸೊಸೆಗೆ ಆ ಮಾತು ಹಿಡಿಸಿತು. ದಾರಿ ಮಂಜಿನಲ್ಲಿ ಮುಚ್ಚಿದ್ದರೂ ಕಾಣುವಷ್ಟು ದೂರ ಓಡಿಸುವುದು ಅವಳಿಗೆ ಹೊಸದಲ್ಲ. ಹಾಗಾದರೆ ಕೆಲಸ ಕಲಿಸಿ ಎಂದಳು.

ಮನೆಗೆ ಬಂದವರೇ ಮಾವ ಯಾರೂ ಹೇಳದೆ ವಾಕರಿನ ತಿರುಪು ಬಿಚ್ಚಿದರು. ಚಕ್ರಗಳು ಡಬ್ಬಕ್ಕೆ ಹೋದವು, ಮರ ಸ್ಟೂಲಿನ ಕಾಲುಗಳಾಯಿತು.

ಕಷ್ಟದ ಪಾಲು ಅತ್ತೆಗೆ ಬಂತು. ಮಗು ಎಚ್ಚರವಾಗಿರುವಾಗ ಆಗಾಗ ಹೊಟ್ಟೆಯ ಮೇಲೆ ಮಲಗಿಸಬೇಕು, ಎದುರಿಗೇ ಕಾವಲಿರಬೇಕು. ಚಿಟಿಕೆಗೆ ಅದು ಆಗಿಬರುತ್ತಿರಲಿಲ್ಲ. ಮೂಗು ನೆಲಕ್ಕಿಟ್ಟು ಬೀದಿಗೆ ಕೇಳುವಂತೆ ಅಳುತ್ತಿದ್ದಳು. ನಾಲ್ಕು ಮಕ್ಕಳನ್ನು ಅಳಿಸದೆ ಬೆಳೆಸಿದವಳು ನಾನು, ಇದೆಂಥ ವಿದ್ಯೆ ಎಂದು ಅತ್ತೆ ಗೊಣಗಿದರು. ಗೊಣಗುತ್ತಲೇ ತಾವೂ ಸೊಂಟ ಹಿಡಿದುಕೊಂಡು ನೆಲದ ಮೇಲೆ ಬೋರಲು ಮಲಗಿ, ಮೊಮ್ಮಗಳ ಮೂಗಿಗೆ ಮೂಗು ಕೊಟ್ಟು ತುಟಿಯಲ್ಲಿ ಬಸ್ಸಿನ ಸದ್ದು ಮಾಡಿದರು. ಚಿಟಿಕೆ ಅಳು ನಿಲ್ಲಿಸಿ ತಲೆ ಎತ್ತಿ ನೋಡಿದಳು. ಅಂದಿನಿಂದ ಅಜ್ಜಿ ಮೊಮ್ಮಗಳ ಸವಾರಿ ದಿನಾ ಹೊರಡುತ್ತಿತ್ತು. ಸಂಜೆ ಸೊಸೆಯ ಗಂಡನ ಸರದಿ. ಅಂಗಡಿಯ ಮರದ ಪುಡಿ ಕೊಡವಿಕೊಂಡು ಸ್ನಾನ ಮಾಡಿ ಬಂದು ಮಗಳನ್ನು ಎದೆಯ ಮೇಲೆ ಬೋರಲು ಹಾಕಿಕೊಳ್ಳುತ್ತಿದ್ದ. ಸೊಸೆ ಮಗಳ ಎರಡೂ ಕೈಗಳನ್ನು ನಡುವೆ ತಂದು ಕೂಡಿಸುತ್ತಿದ್ದಳು, ಪಾದ ಬಾಯಿಗೆ ಮುಟ್ಟಿಸುತ್ತಿದ್ದಳು. ಒಂದು ದಿನ ಚಿಟಿಕೆ ತಾನಾಗಿಯೇ ಹೆಬ್ಬೆರಳು ಹಿಡಿದು ಬಾಯಿಗಿಟ್ಟುಕೊಂಡಳು. ಇನ್ನೊಂದು ದಿನ ಬಟ್ಟೆ ಬದಲಿಸುತ್ತಿದ್ದಾಗ, ಎಲ್ಲರ ಕೈಯಲ್ಲೂ ಏನೋ ಇದ್ದ ಹೊತ್ತಿನಲ್ಲಿ, ಬರಿಮೈಯಲ್ಲಿ ಮಗುಚಿಕೊಂಡು ತನ್ನ ಸಾಹಸಕ್ಕೆ ತಾನೇ ಬೆಚ್ಚಿಬಿದ್ದಳು.

ಗುಂಡ ವರ್ಷ ತುಂಬುವ ಮೊದಲೇ ನಡೆದ. ಆಗ ಚಿಟಿಕೆ ಒಂದು ಮೊಣಕೈ ಊರಿ ಹೊಟ್ಟೆ ಎಳೆದುಕೊಂಡು ನೆಲ ಒರೆಸುತ್ತಿದ್ದಳು. ಯಾರಾದರೂ ಮಗುವಿಗೆ ಎಷ್ಟು ತಿಂಗಳು ಎಂದರೆ ಅತ್ತೆ ಯಾವ ಲೆಕ್ಕದಲ್ಲಿ ಎಂದು ತಿರುಗಿ ಕೇಳುತ್ತಿದ್ದರು. ಕಿಟಕಿಯ ಪರದೆ ಈಗ ಸರಿದೇ ಇರುತ್ತಿತ್ತು. ಮಾವ ಗೋಡೆಯ ಉದ್ದಕ್ಕೂ ಮಗುವಿನ ಎದೆಮಟ್ಟಕ್ಕೆ ಒಂದು ಹಿಡಿಕೆ ಬಡಿದರು. ಅದನ್ನು ಹಿಡಿದು ಚಿಟಿಕೆ ಅಡ್ಡಡ್ಡ ಸರಿಯಲು ಕಲಿತಳು.

ಸರಿಯಾದ ಲೆಕ್ಕದಲ್ಲಿ ವರ್ಷ ತುಂಬಿದಾಗ ಮಕ್ಕಳ ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಕಾಲು ಸಡಿಲಾಗಿದೆ, ಹಿಮ್ಮಡಿ ಊರುತ್ತಿದೆ, ಹೆದರಿದ್ದು ನಿಜವಾಗಲಿಲ್ಲ ಎಂದರು. ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು ನಿಧಾನವಾಗಬಹುದು, ಶಾಲೆಗೆ ಸೇರುವವರೆಗೂ ತೋರಿಸುತ್ತಿರಿ ಎಂದೂ ಹೇಳಿದರು. ಅಷ್ಟೂ ತಿಂಗಳು ಕಣ್ಣೀರು ಹಾಕದ ಸೊಸೆ ಕಾರಿಡಾರಿನ ಬೆಂಚಿನ ಮೇಲೆ ಕೂತು ಮನಸಾರೆ ಅತ್ತಳು. ಮಾವ ಪಕ್ಕದಲ್ಲಿ ಕೂತು ಅವಳ ಡ್ಯೂಟಿಯ ಟೋಪಿ ಹಿಡಿದುಕೊಂಡರು. ಆಮೇಲೆ ಅವಳು ಮುಖ ತೊಳೆದು ಮಧ್ಯಾಹ್ನದ ಪಾಳಿಗೆ ಹೋದಳು.

ಚಿಟಿಕೆ ನಡೆದದ್ದು ಡಿಪೋದಲ್ಲಿ. ಒಂದು ಸಂಜೆ ಸೊಸೆಯನ್ನು ಕರೆತರಲು ಅತ್ತೆ ಮಗುವಿನೊಂದಿಗೆ ಬಂದಿದ್ದರು. ಮಗು ಬಸ್ಸಿನ ಫುಟ್‌ಬೋರ್ಡ್ ಹಿಡಿದು ನಿಂತಿತ್ತು. ಮೆಕ್ಯಾನಿಕ್ ಒಬ್ಬ ಟೈರ್ ಉರುಳಿಸಿಕೊಂಡು ಹೋದ. ಅದರ ಹಿಂದೆಯೇ ಚಿಟಿಕೆ ಕೈ ಬಿಟ್ಟು ಹೊರಟುಬಿಟ್ಟಳು. ಸೊಸೆ ಒಳಗೆ ಕೀಲಿ ಒಪ್ಪಿಸುತ್ತಿದ್ದಳು. ಅವಳು ಹೊರಗೆ ಬರುವಷ್ಟರಲ್ಲಿ ಮಗು ನೆಲದ ಮೇಲೆ ಕೂತಿತ್ತು, ಸುತ್ತ ನಿಂತವರೆಲ್ಲ ಒಟ್ಟಿಗೆ ಮಾತಾಡುತ್ತಿದ್ದರು. ಎಷ್ಟು ಪುಸಲಾಯಿಸಿದರೂ ಮಗು ಮತ್ತೆ ಏಳಲಿಲ್ಲ. ಹೆತ್ತವಳಿಗೇ ನೋಡಲು ಸಿಗಲಿಲ್ಲವಲ್ಲ ಎಂದು ಅತ್ತೆ ಪೇಚಾಡಿಕೊಂಡರು.

"ಬಿಡಿ ಅತ್ತೆ," ಸೊಸೆ ಮಗಳನ್ನು ಸೊಂಟಕ್ಕೇರಿಸಿಕೊಂಡಳು. "ಇವತ್ತು ನಡೆದವಳು ನಾಳೆ ಕಾಲು ಮರೆತು ಏಳ್ತಾಳಾ?"

ಮರುದಿನ ಬೆಳಿಗ್ಗೆ ಅವಳು ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಅಡುಗೆಮನೆಯ ಬಾಗಿಲಿನಿಂದ ಚಿಟಿಕೆ ಬಂದಳು. ಎರಡೂ ಕೈ ಮೇಲೆ, ಹೊಟ್ಟೆ ಮುಂದೆ, ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು. ಸೊಸೆ ಕೈ ಚಾಚಲಿಲ್ಲ, ಕರೆಯಲೂ ಇಲ್ಲ. ಹಾಕುತ್ತಿದ್ದ ಗುಂಡಿ ಹಿಡಿದುಕೊಂಡೇ ನಿಂತಳು. ಮಗು ಅಮ್ಮನನ್ನು ತಲೆಯೆತ್ತಿಯೂ ನೋಡದೆ ದಾಟಿ ಹೋಗಿ, ಮೂಲೆಯಲ್ಲಿದ್ದ ಡ್ಯೂಟಿಯ ಶೂಗಳ ಮುಂದೆ ಧೊಪ್ಪನೆ ಕೂತು ಲೇಸು ಬಿಚ್ಚತೊಡಗಿತು. ಅದನ್ನು ಬಿಚ್ಚಲು ಅದಕ್ಕೆ ಬಹಳ ಹೊತ್ತು ಹಿಡಿಯಿತು. ಸೊಸೆ ಪಕ್ಕದಲ್ಲೇ ಕೂತು ಕಾದಳು. ಆ ದಿನ ಅವಳ ಮೊದಲ ಬಸ್ಸು ತಡವಾಗಿ ಹೊರಟಿತು.