ನಿಂತ ಇಂಜಿನ್ನಿನ ಅಳತೆ

ಸಂಕ್ರಾಂತಿ ಕಳೆದು ನಾಲ್ಕೈದು ದಿನವಾಗಿತ್ತು, ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗ್ಗೆ ಏಳು ಗಂಟೆಗೆ ಉರಿಗಾಂನ ಗಣಿ ಕೆಲಸಗಾರರ ಲೈನಿನ ನಮ್ಮ ಮನೆ ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದೆ. ಪಕ್ಕದ ಮನೆಯ ಪೆರುಮಾಳಣ್ಣನ ಕಾರು ಏರಿನಲ್ಲಿ ಅರಚುತ್ತಿತ್ತು. ಸದ್ದು ಕೇಳಿದರೆ ಓಡುವಂತಿತ್ತು, ಚಕ್ರ ನೋಡಿದರೆ ತೆವಳುತ್ತಿತ್ತು.

"ಏನಣ್ಣ, ಕಾರಿಗೂ ಮುಪ್ಪು ಬಂತಾ?" ಅಂದೆ.

"ಇಂಜಿನ್ನು ಕೂಗ್ತದೆ ಮುನ್ಸಾಮಿ, ಗೇರು ಇಡೀತಿಲ್ಲ. ಬಾಯಿ ಜಾಸ್ತಿ, ಕೆಲ್ಸ ಇಲ್ಲ. ನಮ್ಮ ಹಳೇ ಮೇಸ್ತ್ರಿ ಇದ್ದಂಗೆ!"

ನಕ್ಕ, ಆದರೆ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದೇ ಕೂತಿದ್ದ.

ಆ ಕಾರಿಗೆ ಕ್ಲಚ್ಚಿಲ್ಲ, ಗೇರು ತಾನೇ ಬದಲಾಗುತ್ತದೆ. ಇಪ್ಪತ್ತು ವರ್ಷ ದಾಟಿದ ಗಾಡಿ. ಅಣ್ಣ ಅಂಥದ್ದನ್ನೇ ಹುಡುಕಿ ತಂದಿದ್ದ, ಯಾಕೆಂದರೆ ಅವನಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಮರದ್ದು. ಈ ಕಾರಿಗೆ ಬಲಗಾಲೊಂದೇ ಸಾಕು. ಅತ್ತಿಗೆ ತೀರಿಕೊಂಡಾಗ ಮಗಳು ಸುಮಿತಾ ತಾನಿರುವ ಆಂಬೂರಿಗೆ ಬಂದುಬಿಡು ಅಂತ ಹಠ ಹಿಡಿದಳು. ಕಾರು ಓಡುವವರೆಗೂ ನಾನು ಇಲ್ಲೇ ಅಂದ ಅವನು. ಅವಳೂ ಒಪ್ಪಿ, ನಿಂತ ದಿನ ಬಂದು ಕರೆದುಕೊಂಡು ಹೋಗುತ್ತೇನೆ ಅಂದಿದ್ದಳು.

"ಭಾನುವಾರ ಸುಮಿತಾ ಬತ್ತಾಳೆ. ಅಷ್ಟ್ರೊಳ್ಗೆ ನೀನೇ ನೋಡಪ್ಪಾ. ಫಿಟ್ಟರ್ ಅಲ್ವಾ ನೀನು."

ನಂದಿದುರ್ಗ ಚಿನ್ನದ ಗಣಿಯಲ್ಲಿ ನಾನು ಫಿಟ್ಟರ್ ಆಗಿದ್ದದ್ದು ನಿಜ. ಓದಿದ್ದು ಮೂರನೇ ಕ್ಲಾಸು. ಇಂಥ ಗೇರನ್ನು ಕಣ್ಣಲ್ಲೂ ನೋಡಿರಲಿಲ್ಲ. ಆದರೆ ಅವನಿಗೆ ಇಲ್ಲ ಅನ್ನುವ ಬಾಯಿ ನನಗಿಲ್ಲ.

ಅವನ ಕಾಲು ಹೋದದ್ದು ಎಂಬತ್ತನಾಲ್ಕರಲ್ಲಿ. ಸುರಂಗದಲ್ಲಿ ಅದಿರಿನ ತೊಟ್ಟಿ ಎಳೆಯುವ ಯಂತ್ರಕ್ಕೆ, ಓಡುತ್ತಿರುವಾಗಲೇ, ಗ್ರೀಸ್ ಹಚ್ಚಲು ಹೋಗಿದ್ದ. ಅವನು ಹತ್ತಿರ ಹೋಗುವ ಮೊದಲೇ ಯಂತ್ರ ನಿಲ್ಲಿಸಬೇಕಾದವನು ನಾನು. ನಿಲ್ಲಿಸಿದೆ, ಎರಡು ಸುತ್ತು ತಡವಾಗಿ. ಅಲ್ಲಿಂದೀಚೆಗೆ ಓಡುವ ಯಾವುದಕ್ಕೂ ನಾನು ಕೈ ಹಾಕಿಲ್ಲ. ಮನೆಯ ಮಿಕ್ಸಿಯನ್ನೂ ವೈರು ಕಿತ್ತ ಮೇಲೆಯೇ ಮುಟ್ಟುವುದು. ಇದಕ್ಕೆ ಅಣ್ಣ ಇವತ್ತಿಗೂ ಆಡಿಕೊಳ್ಳುತ್ತಾನೆ.

ಅವತ್ತೂ ಮೊದಲು ಇಂಜಿನ್ ಆರಿಸಿ, ಕೀಲಿ ತೆಗೆದು ನನ್ನ ಜೇಬಿಗೆ ಹಾಕಿಕೊಂಡೆ. ಪೂರಾ ತಣ್ಣಗಾಗಲಿ ಅಂತ ಕಾದೆ. ಆಮೇಲೆ ಗೇರ್ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ಎಣ್ಣೆ ಮೇಲಿನ ಗೀಟು ದಾಟಿ ಒಂದು ಬೆರಳು ಹೆಚ್ಚೇ ಇತ್ತು. ಬಣ್ಣ ಕುದಿದು ಕುದಿದು ಕಪ್ಪಾದ ಟೀಯ ಹಾಗಿತ್ತು.

"ಎಣ್ಣೆ ಜಾಸ್ತಿ ಅದೆ ಅಣ್ಣ, ಅದಕ್ಕೇ ಜಾರ್ತಾ ಅದೆ. ಬೆಲ್ಟಿಗೆ ಎಣ್ಣೆ ಬಿದ್ರೆ ಜಾರಲ್ವಾ, ಅಂಗೆ."

"ನೀನು ಅಂದ್ಮೇಲೆ ಸರಿ."

ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ನುಗ್ಗಿದೆ. ಬೋಲ್ಟ್ ಸಡಿಲಿಸಿ, ಪೇಂಟಿನ ಡಬ್ಬಿಗೆ ಒಂದು ಲೀಟರಿನಷ್ಟು ಇಳಿಸಿದೆ. ಮತ್ತೆ ಅಳೆದೆ, ಸರಿಯಾಗಿ ಗೀಟಿಗೆ ಬಂತು. ಸಂಜೆ ಅಣ್ಣ ಲೈನಿನ ಸಮತಟ್ಟಿನಲ್ಲಿ ಒಂದು ಸುತ್ತು ಹಾಕಿದ. ಕಾರು ಹೋಯಿತು.

"ಪೋಚು, ಹೋಯ್ತು ಅಂದ್ಕೊಂಡಿದ್ದೆ, ಬಂದ್ಬಿಡ್ತಪ್ಪಾ!" ಅಂತ ಕಿಟಕಿಯಿಂದ ಕೈ ಚಾಚಿ ನನ್ನ ತಲೆ ತಟ್ಟಿದ.

ಭಾನುವಾರ ಸುಮಿತಾ ಬಂದಳು. ಸೋಮವಾರ ಅವಳನ್ನು ರೈಲು ಹತ್ತಿಸಲು ಬಂಗಾರಪೇಟೆಗೆ ಹೊರಟೆವು. ನಾನು ಹಿಂದಿನ ಸೀಟಿನಲ್ಲಿದ್ದೆ. ಊರು ಸಿಗುವ ಮೊದಲು ಒಂದು ಏರಿನಲ್ಲಿ ಇಂಜಿನ್ನು ಕೂಗಿಕೊಂಡಿತು. ಅಣ್ಣ ಒತ್ತಿದಷ್ಟೂ ಕೂಗಿತು, ಕಾರು ಅಲ್ಲಾಡಲಿಲ್ಲ. ಸುಟ್ಟ ವಾಸನೆ ಬಂತು. ಆಮೇಲೆ ನಿಧಾನವಾಗಿ ಹಿಂದಕ್ಕೆ ಜಾರತೊಡಗಿತು. ಅಣ್ಣ ಬ್ರೇಕ್ ಒತ್ತಿ, ಕೈಬ್ರೇಕನ್ನೂ ಎಳೆದು ಹಿಡಿದುಕೊಂಡ.

ಬಂಗಾರಪೇಟೆಯ ಮೆಕ್ಯಾನಿಕ್ ಗಿರಿ ಹಗ್ಗ ಕಟ್ಟಿ ತನ್ನ ಶೆಡ್ಡಿಗೆ ಎಳೆದುಕೊಂಡು ಹೋದ. ಬಾನೆಟ್ ಎತ್ತಿದವನೇ ಇಂಜಿನ್ ಶುರು ಮಾಡಿದ. ಅದು ಓಡುತ್ತಿರುವಾಗಲೇ ಒಳಗೆ ಕೈ ಹಾಕಿದ. ನನಗೆ ಗೊತ್ತಿಲ್ಲದೆ ಎರಡು ಹೆಜ್ಜೆ ಹಿಂದಕ್ಕೆ ಹೋದೆ. ಅವನು ಎಳೆದ ಕಡ್ಡಿಯ ತುದಿ ಒಣಗಿತ್ತು.

"ಗೇರ್ ಎಣ್ಣೆ ಎಲ್ಲಿ ತಾತ?"

"ನಿಂತಾಗ ನೋಡಿದ್ರೆ ಜಾಸ್ತಿ ಇತ್ತಲ್ಲಪ್ಪ," ಅಂದ ಅಣ್ಣ.

"ನಿಂತಾಗ ಎಲ್ಲಾ ಕೆಳಕ್ಕೆ ಇಳ್ಕೊಂಡು ಜಾಸ್ತಿ ತೋರಿಸ್ತದೆ. ಈ ಗಾಡೀದು ಬಿಸಿಯಾದ್ಮೇಲೆ ಇಂಜಿನ್ ಓಡ್ತಿರ್ಬೇಕಾದ್ರೇನೇ ನೋಡ್ಬೇಕು. ಕಮ್ಮಿ ಇದ್ದಿದ್ದಕ್ಕೇ ಜಾರ್ತಿತ್ತು. ಆವಾಗ್ಲೇ ಒಂದ್ ಲೀಟರ್ ಹಾಕಿದ್ರೆ ಇನ್ನೊಂದಷ್ಟು ದಿನ ಓಡೋದು. ಇರೋದನ್ನೂ ತೆಗ್ದಿದ್ದಾರಲ್ಲ, ಯಾವ ಪುಣ್ಯಾತ್ಮ ತೆಗೆದಿದ್ದು?"

ನಾನು ಬಾಯಿ ತೆರೆದೆ.

"ನಾನೇ," ಅಂದ ಪೆರುಮಾಳಣ್ಣ.

ಎಂಬತ್ತನಾಲ್ಕರ ವಿಚಾರಣೆಯಲ್ಲೂ, ತಪ್ಪು ಮಾಡಿದವರು ಯಾರು ಅಂತ ಸಾಹೇಬರು ಕೇಳಿದಾಗ, ಅವನು ಇದೇ ಮಾತು ಹೇಳಿದ್ದ. ಆಗಲೂ ನಾನು ಪಕ್ಕದಲ್ಲೇ ನಿಂತಿದ್ದೆ.

"ಗೇರ್ ಒಳಗಿನ ಪ್ಲೇಟೆಲ್ಲಾ ಸುಟ್ಟೋಗವೆ," ಅಂದ ಗಿರಿ. "ಈ ಗಾಡಿ ಸಾಮಾನು ಈಗ ಬರ್ತಾ ಇಲ್ಲ. ನನ್ ಕೈಲಿ ಆಗಲ್ಲ ತಾತ, ಬೇರೆಯೋರ ಕೈಲೂ ಆಗಲ್ಲ."

"ನೋಡ್ದಾ ಅಪ್ಪಾ?" ಅಂದಳು ಸುಮಿತಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಒಬ್ನೇ ಎಲ್ಲಾ ನೋಡ್ಕೊಂತೀನಿ ಅಂತೀಯಲ್ಲ. ಮಾತು ಮಾತೇ."

"ಸರಿಮ್ಮಾ," ಅಂದ ಅವನು. ಅಷ್ಟೇ.

ಅವಳು ರಜೆ ಮುಂದುವರಿಸಿಕೊಂಡು ಮೂರು ದಿನ ಮನೆ ಸಾಮಾನು ಕಟ್ಟಿದಳು. ನಾನು ಹಗ್ಗ ಹಿಡಿದುಕೊಟ್ಟೆ. ಹೇಳಬೇಕೆಂದು ಹೋದಾಗಲೆಲ್ಲ ಅಣ್ಣ ಕಣ್ಣಲ್ಲೇ ಗದರಿಸುತ್ತಿದ್ದ.

ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ಅವಳು ಬಾಟಲಿಗೆ ನೀರು ಹಿಡಿಯಲು ಹೋದಳು. ನಾನು ಹಿಂದೆಯೇ ಹೋದೆ.

"ಎಣ್ಣೆ ತೆಗೆದದ್ದು ನಾನಮ್ಮ. ನಿಮ್ಮಪ್ಪ ಅಲ್ಲ."

"ಗೊತ್ತು ಮಾಮ. ಆ ಕಾಲಿಟ್ಕೊಂಡು ಅಪ್ಪ ಕಾರಿನ ಕೆಳಗೆ ಎಂಗೆ ತೂರ್ತಾರೆ?"

"ಅಂಗಾದ್ರೆ ಬಿಟ್ಟೋಗಮ್ಮ. ತಪ್ಪು ಅವನ್ದಲ್ಲ."

ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು. "ಓಡೋ ಕಾರು ಎಲ್ಲಿ ಮಾಮ?"



ರೈಲು ಬಂತು. ನಾನು ಕೈ ಕೊಟ್ಟು ಅಣ್ಣನನ್ನು ಹತ್ತಿಸಿದೆ, ಮೊದಲು ಬಲಗಾಲು, ಆಮೇಲೆ ಮರದ ಕಾಲು. ಕಿಟಕಿ ಪಕ್ಕ ಕೂತು ನನ್ನ ಮುಖ ನೋಡಿದ.

"ಮುನ್ಸಾಮಿ, ಮಿಕ್ಸಿ ಉಷಾರು!"

ನಗಬೇಕು ಅಂತಲೇ ಅಂದದ್ದು. ನನ್ನ ಕೈಲಿ ಆಗಲಿಲ್ಲ. ರೈಲು ಅಲ್ಲಾಡಿದಾಗ ಕಿಟಕಿಯ ಸರಳು ಹಿಡಿದಿದ್ದ ಕೈ ತೆಗೆದು ಹಿಂದೆ ಸರಿದೆ. ಪೆರುಮಾಳಣ್ಣ ಉರಿಗಾಂ ಬಿಟ್ಟು ಹೋದದ್ದು ಹೀಗೆ, ಗುರುವಾರದ ದಿನ.