ಮಂಚಮ್ಮ ಹೆಬ್ಬೆಟ್ಟು ಒತ್ತಲಿಲ್ಲ

ತಿಂಗಳ ಕೊನೆಗೆ ಕಾರ್ಖಾನೆ ಮುಚ್ಚುತ್ತದೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಓದು ಬಾರದ ಮಂಚಮ್ಮ ಅದರ ಪಕ್ಕದಲ್ಲೇ ಹಾದು ಒಳಗೆ ಹೋಗಿ ಕೆಲಸಕ್ಕೆ ಕೂತಳು. ಸುದ್ದಿ ತಿಳಿದಾಗ ಮಧ್ಯಾಹ್ನ.

ಅದು ೧೯೫೮. ಚಾಮರಾಜನಗರದ ಆ ರೇಷ್ಮೆ ಕಾರ್ಖಾನೆಯಲ್ಲಿ ಅರವತ್ತು ಚಿಲ್ಲರೆ ಹೆಂಗಸರು ಕುದಿಯುವ ನೀರಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ವಿಧವೆ ಮಂಚಮ್ಮ ಹನ್ನೊಂದು ವರ್ಷದಿಂದ ಚಂದಕವಾಡಿಯಿಂದ ನಡೆದೇ ಬರುತ್ತಿದ್ದಳು. ಅತ್ತೆಯ ಹೊಟ್ಟೆಗೂ ಅದೇ ಕೂಲಿ.

ಮಾರನೆಯ ದಿನ ಮ್ಯಾನೇಜರು ಒಬ್ಬೊಬ್ಬರನ್ನೇ ಆಫೀಸಿಗೆ ಕರೆದ.

"ಇಲ್ಲಿ ಹೆಬ್ಬೆಟ್ಟು ಒತ್ತು. ಇಪ್ಪತ್ತು ರೂಪಾಯಿ ತಕೊಂಡು ಹೋಗು. ಒತ್ತದಿದ್ರೆ ಅದೂ ಇಲ್ಲ."

ಮಂಚಮ್ಮ ಕಾಗದದ ಕಡೆ ನೋಡಿದಳು. "ಏನ್ ಬರ್ದದೆ ಅಂತ ವಸಿ ಓದೇಳಿ ಬುದ್ದಿ."

ಗುಮಾಸ್ತ ಕರಿಬಸವಯ್ಯ ತಲೆ ಎತ್ತದೆ ಓದಿದ: "ನಾನು ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿರುತ್ತೇನೆ."

"ನಾನೆಲ್ ಬುಟ್ಟೆ ಬುದ್ದಿ? ನೀವೇ ತಾನೆ ಬಾಗ್ಲಾಕ್ತಿರದು?"

ಮ್ಯಾನೇಜರು ಕುರ್ಚಿ ತಳ್ಳಿ ಎದ್ದ. ಮಂಚಮ್ಮ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಹೊರಗೆ ಬಂದಳು. ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಗೆಳತಿ ಸೋಮಮ್ಮ, "ಏನಂದ್ರಮ್ಮಿ?" ಎಂದು ಕೇಳಿದಳು. ಮ್ಯಾನೇಜರು ಹಿಂದೆಯೇ ಬರುತ್ತಾನೆಂಬ ದಿಗಿಲಿಗೆ ಮಂಚಮ್ಮ ಬಾಯಿ ಬಿಡದೆ ಓಡಿದಳು.

ಇಪ್ಪತ್ತು ರೂಪಾಯಿಯೂ ಹೋಯಿತಲ್ಲ ಎಂದುಕೊಳ್ಳುತ್ತಲೇ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದಳು. ಅಣ್ಣ ಮಾದಣ್ಣ ಅಲ್ಲಿ ತಾಲ್ಲೂಕು ಕಚೇರಿಯಲ್ಲಿ ಜವಾನ.

"ಒತ್ತಲಿಲ್ವಲ್ಲ, ಬದುಕ್ದೆ ಕಣಮ್ಮಿ," ಎಂದ ಅವನು. "ಈಗ ಕಾನೂನ್ ಬಂದದೆ. ಕಾರ್ಖಾನೆ ಮುಚ್ಚೋರು ದುಡಿದ ಒಂದೊಂದ್ ವರ್ಷಕ್ಕೂ ಹದಿನೈದ್ ದಿನದ ಕೂಲಿ ಪರಿಹಾರ ಕೊಡ್ಬೇಕು. ನೀನಾಗೇ ಬುಟ್ಟೆ ಅಂತ ಒತ್ತಿದ್ರೆ ಕಾಸೂ ಇಲ್ಲ."

ಕಚೇರಿಯ ಬರಹಗಾರರಿಂದ ಮೈಸೂರಿನ ಕಾರ್ಮಿಕ ಅಧಿಕಾರಿಗೆ ಅರ್ಜಿ ಬರೆಸಿಕೊಟ್ಟ. ಆ ಹೊತ್ತಿಗೆ ಕಾರ್ಖಾನೆಯಲ್ಲಿ ಸೋಮಮ್ಮ ಹೆಬ್ಬೆಟ್ಟು ಒತ್ತಿಯಾಗಿತ್ತು.

ಪರಿಹಾರ ಬರುವವರೆಗೆ ಹೊಟ್ಟೆಗೇನು? ಕಾರ್ಖಾನೆ ಮುಚ್ಚಿದ ಮೇಲೆ ಮಂಚಮ್ಮ ಚಾಮರಾಜನಗರದ ಪೇಟೆಯಲ್ಲೆಲ್ಲ ಕೆಲಸ ಕೇಳಿದಳು. ಹೋಟೆಲಿನವನು ಬಿಸಿನೀರಿಗೆ ಬೆಂದು ಬಿಳಿಚಿದ ಅವಳ ಬೆರಳು ನೋಡಿ, "ಇದೇನ್ ರೋಗ?" ಎಂದು ಹಿಂದೆ ಸರಿದ. ನಾಲ್ಕನೆಯ ದಿನ ಅಕ್ಕಿ ಗಿರಣಿಯೊಂದರಲ್ಲಿ ಕಲ್ಲು ಆರಿಸುವ ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಕೂಲಿಗೆ.

ತಿಂಗಳಾದ ಮೇಲೆ ಅಧಿಕಾರಿ ಬಂದರು. ಹೆಂಗಸರನ್ನೆಲ್ಲ ಕಾರ್ಖಾನೆಯ ಅಂಗಳಕ್ಕೆ ಕರೆಸಿದರು. ಹೆಬ್ಬೆಟ್ಟು ಒತ್ತದವರು ನಾಲ್ಕೇ ಜನ. ಅವರಿಗೆ ಪರಿಹಾರ ಖಾತ್ರಿ ಎಂದರು. ಮ್ಯಾನೇಜರು ಉಳಿದವರು ಒತ್ತಿದ ಕಾಗದಗಳನ್ನು ಮುಂದಿಟ್ಟ. "ಇವರೆಲ್ಲ ತಾವಾಗಿ ಬಿಟ್ಟೋರು ಸಾರ್."

ಮಂಚಮ್ಮ ಸುಮ್ಮನಿದ್ದರೆ ಸಾಕಿತ್ತು. ಬಾಯಿ ತೆರೆದರೆ ತನ್ನದೂ ತಪ್ಪಿಹೋದರೆ? ಎದುರಿಗೆ ಸೋಮಮ್ಮ ನೆಲ ನೋಡುತ್ತಾ ನಿಂತಿದ್ದಳು.

"ಸುಳ್ಳು ಬುದ್ದಿ," ಎಂದಳು ಮಂಚಮ್ಮ. "ನಾನ್ ಕೇಳ್ದೆ ಅಂತ ನಂಗೊಬ್ಬಳ್ಗೇ ಓದೇಳುದ್ರು. ಇವ್ರಿಗ್ಯಾರೂ ಏಳ್ನಿಲ್ಲ. ನಾನೂ ಎದ್ರುಕೊಂಡು ಯಾರ್ಗೂ ಏಳ್ದಂಗೆ ಓಡೋದೆ."

ಅಧಿಕಾರಿ ಗುಮಾಸ್ತನ ಕಡೆ ತಿರುಗಿದರು. ಕರಿಬಸವಯ್ಯ ಒಮ್ಮೆ ಮ್ಯಾನೇಜರನ್ನು ನೋಡಿದ. ಆಮೇಲೆ, "ಹೌದು ಸಾರ್, ಓದಿ ಹೇಳಲಿಲ್ಲ," ಎಂದ. ಆ ಹೆಬ್ಬೆಟ್ಟುಗಳು ಲೆಕ್ಕಕ್ಕಿಲ್ಲ ಎಂದು ಅಧಿಕಾರಿ ಬರೆದುಕೊಂಡರು.

ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲರಿಗೂ ಪರಿಹಾರ ಬಂತು. ಅಲ್ಲಿಯವರೆಗೂ ಸೋಮಮ್ಮ ಮಂಚಮ್ಮನ ಜೊತೆ ಮಾತಾಡಿರಲಿಲ್ಲ. ಹಣ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಮಂಚಮ್ಮನ ಹತ್ತಿರ ಬಂದಳು.

"ಆವತ್ತೇ ಒಂದ್ ಮಾತು ಏಳಿದ್ರೆ ಏನಾಗಿರದು?"

"ತಪ್ಪಾಯ್ತು ಕಣಮ್ಮಿ," ಎಂದಳು ಮಂಚಮ್ಮ.

ಸೋಮಮ್ಮ, "ನಿನ್ ಗಿರಣೀಲಿ ಇನ್ನೊಬ್ಬಳ್ಗೆ ಕೆಲ್ಸ ಅದಾ?" ಎಂದು ಕೇಳಿದಳು.